ಕೋಳಿಗೂಡಿಗೆ ಕಂಬಳಿ

ಚಳಿಗಾಲಕ್ಕೆ ಕೋಳಿಗೂಡು ಬೆಚ್ಚಗಿಡಿ ಎಂದು ಊರೂರು ತಿರುಗಿ ಹೇಳುವುದು ಆಗ ನನ್ನ ನೌಕರಿ. ಕೊಪ್ಪಳ ಜಿಲ್ಲೆಯಾದ ಹೊಸತು. ನಾನು ದನದ ದವಾಖಾನೆಯಲ್ಲಿದ್ದೆ. ಬೆಳಗಿನ ಬಸ್ಸಿಳಿದು ಮಂಜಿನಲ್ಲಿ ನಡೆಯುತ್ತಿದ್ದರೆ ಊರು ಕಾಣುವ ಮೊದಲೇ ಒಲೆಯ ಹೊಗೆ ಮೂಗಿಗೆ ಬರುತ್ತಿತ್ತು. ನಾನು ಹೇಳುವುದೊಂದು, ಅಲ್ಲಿ ಆಗುವುದೊಂದು. ಇದು ಮಾತ್ರ ಯಾವ ಚಳಿಗಾಲದಲ್ಲೂ ತಪ್ಪಲಿಲ್ಲ.

ಅಜ್ಜನ ಕಂಬಳಿ

ಬೇವೂರಿನ ಅಜ್ಜಿಯೊಬ್ಬರಿಗೆ, "ಯವ್ವಾ, ಗಾಳಿ ಭಾಳ ಐತಿ, ಗೂಡಿನ ಸುತ್ತ ದಪ್ಪಂದೇನರ ಕಟ್ಟು" ಎಂದಿದ್ದೆ. ಮುಂದಿನ ವಾರ ಹೋದರೆ ಗೂಡಿಗೆ ಹೊಸ ಕರಿಕಂಬಳಿ. ಒಳಗೆ ಕೋಳಿಗಳು ಅರೆಗಣ್ಣು ಮುಚ್ಚಿ ಕನಸು ಕಾಣುತ್ತಿದ್ದವು. ಹೊರಗೆ ಅಜ್ಜ ಗೋಣಿಚೀಲ ಹೊದ್ದು ಎಳೆಬಿಸಿಲಿಗೆ ಕೂತಿದ್ದರು.

"ಇದೇನ ಯವ್ವಾ, ಅಜ್ಜನ ಕಂಬಳಿ ಕೋಳಿಗೆ ಹೊಚ್ಚೀಯಲ್ಲ?"

"ಕೋಳಿ ತತ್ತಿ ಇಡ್ತಾವ್ರಿ. ಇವರು ಏನಿಡ್ತಾರ?"

ಚೀಲದೊಳಗಿಂದ ಅಜ್ಜನ ದನಿ ಬಂತು: "ಅಕಿ ಅಡಿಗಿಗೆ ಹೆಸರಿಡ್ತೀನ್ರಿ!"

ಹೊಟ್ಟಿನ ಹಾಸಿಗೆ

ಗಂಗಾವತಿ ಕಡೆ ಭತ್ತದ ಹೊಟ್ಟಿಗೆ ಬರವಿಲ್ಲ. ಕೋಳಿಮರಿ ತಂದಿದ್ದ ರೈತರೊಬ್ಬರಿಗೆ ಹೊಟ್ಟು ದಪ್ಪಗೆ ಹಾಸಿ, ಮೇಲೆ ಬಲ್ಬು ಇಳಿಬಿಡಲು ಹೇಳಿದೆ. "ಮರಿ ಬಲ್ಬಿನ ಕೆಳಗ ಗುಂಪಾದ್ರ ಥಂಡಿ ಹತ್ತೈತಿ ಅಂತ ತಿಳೀರಿ. ಹರಡಿಕೊಂಡು ಮಲಗಿದ್ರ ಛಲೋ."

ಮತ್ತೆ ಹೋದಾಗ ಅವರ ಹೆಂಡತಿ ಅಂಗಳದಲ್ಲಿದ್ದರು.

"ಹರಡಿಕೊಂಡು ಮಲಗ್ಯಾವೇನ್ರಿ?"

"ಮಲಗ್ಯಾರ್ರಿ. ಗೊರಕೀನೂ ಹೊಡ್ಯಾಕತ್ತಾರ."

ಇಣುಕಿದೆ. ಹಳದಿ ಬೆಳಕು, ಹೊಟ್ಟಿನ ಬೆಚ್ಚನೆ ವಾಸನೆ. ನಡುವೆ ಯಜಮಾನರು ಕೈಕಾಲು ಚಾಚಿ ಮಲಗಿದ್ದಾರೆ. ಮರಿಗಳೆಲ್ಲ ಬಲ್ಬು ಬಿಟ್ಟು ಅವರ ಹೊಟ್ಟೆಯ ಮೇಲೆ ಗುಂಪಾಗಿವೆ.

"ಎಬ್ಬಸ್ರಿ" ಎಂದೆ.

"ಬ್ಯಾಡ್ರಿ, ಮರಿಗೆ ಥಂಡಿ ಆಕ್ಕೈತಿ."

ಬೆಳಗಾಗದ ಮನೆ

ಹೊಳೆಯ ನಡುವಿನ ವಿರೂಪಾಪುರಗಡ್ಡೆಯ ಒಂದು ಮನೆಯಲ್ಲಿ ಹುಂಜನೇ ಗಡಿಯಾರ. ಚಳಿಯೆಂದು ಯಜಮಾನರು ಗೂಡಿಗೆ ಚಾಪೆ, ಚೀಲ ಎಲ್ಲ ಸುತ್ತಿದ್ದರು. ಗಾಳಿಗೆ ಸಂದಿ ಬಿಟ್ಟಿದ್ದರು, ಬೆಳಕಿಗೆ ಬಿಟ್ಟಿರಲಿಲ್ಲ. ಅವರ ಮಗಳನ್ನು ನೋಡಲು ಗಂಡಿನವರು ಬರುವ ದಿನವೇ ನಾನು ಲಸಿಕೆ ಹಾಕಲು ಹೋದೆ. ಹೊಳೆಯ ಮಂಜು ಕರಗಿ ಬಿಸಿಲೇರಿತ್ತು. ಗಂಡಿನವರು ಕಟ್ಟೆಯ ಮೇಲೆ ಕೂತಿದ್ದರು. ಬಾಗಿಲು ಬಡಿದರೂ ಒಳಗೆ ಸದ್ದಿಲ್ಲ.

"ಹೆಣ್ಣು ಕೊಡೂ ಮನಸಿಲ್ಲ ಇವರಿಗೆ. ನಡೀರಿ" ಎಂದು ಗಂಡಿನ ತಾಯಿ ಎದ್ದೇ ಬಿಟ್ಟರು.

ನಾನು ಹಿತ್ತಲಿಗೆ ಓಡಿ ಗೂಡಿನ ಚಾಪೆ ಕಿತ್ತೆ. ಹುಂಜ ನೆತ್ತಿಗೆ ಬರುತ್ತಿದ್ದ ಸೂರ್ಯನನ್ನು ನೋಡಿ ಗಾಬರಿಯಾಗಿ ಕೂಗಿತು. ತಕ್ಷಣ ಮನೆಯೊಳಗೆ ಗದ್ದಲ: "ಏಳ್ರಿ, ಬೆಳಕಾತು! ಗಂಡಿನವರು ಬರೂದ್ರಾಗ ಕಸ ಹೊಡೀರಿ!" ಯಜಮಾನರು ಕಣ್ಣುಜ್ಜುತ್ತ ಬಾಗಿಲು ತೆಗೆದರೆ ಎದುರಿಗೆ ಗಂಡಿನವರು!

"ಅಯ್ಯ, ಕೋಳಿ ಕೂಗೂದ್ರಾಗ ಬಂದ್ರಲ್ರಿ! ರಾತ್ರೆಲ್ಲಾ ನಿದ್ದಿ ಮಾಡಿಲ್ಲೇನು?"

ಗಂಡಿನ ತಾಯಿ ನಗು ತಡೆಯಲಾರದೆ ಮತ್ತೆ ಕಟ್ಟೆಯ ಮೇಲೆ ಕೂತರು. "ಹೆಣ್ಣು ನೋಡದನ ಒಪ್ಪಿಗಿ ಐತ್ರಿ. ಆ ಹುಂಜನ್ನ ಮಾತ್ರ ಜೋಡಿ ಕಳಸಬ್ಯಾಡ್ರಿ!"