ಮಗಳ ನಿದ್ದೆ, ಏಳು ಗಂಟೆಯ ಗೇಟು

ಚಿಕ್ಕ ಮಗು ಇರುವ ಮನೆಯಲ್ಲಿ ದೀಪ ಆರಿಸುವ ಹೊತ್ತಿಗೇ ಪ್ರಸಂಗಗಳು ಶುರುವಾಗೋದು. ನಮ್ಮನೆಯಲ್ಲಂತೂ ಒಂದು ರಾತ್ರಿಯೂ ತಪ್ಪಲಿಲ್ಲ.

ತೊಂಬತ್ತರ ದಶಕದ ಕೊನೆ. ಮೈಸೂರಿನ ವಿದ್ಯಾರಣ್ಯಪುರಂನ ವಠಾರದಲ್ಲಿ ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ. ನನ್ನ ಹೆಂಡತಿಗೆ ಊದುಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಗೇಟು ಹಾಕಿಬಿಡೋರು. ಎರಡೂವರೆ ವರ್ಷದ ಮಗಳು ಹನ್ನೊಂದಾದರೂ ಮಲಗುತ್ತಿರಲಿಲ್ಲ, ಅವಳು ಮಲಗದೆ ಅವಳಮ್ಮ ಮಲಗುವಂತಿರಲಿಲ್ಲ. ತಿಂಗಳಲ್ಲಿ ಮೂರು ಸಲ ಕೆಲಸಕ್ಕೆ ತಡವಾಯಿತು. “ನಾಲ್ಕನೇ ಸಲ ಆದ್ರೆ ಬರೋದೇ ಬೇಡ” ಅಂದರಂತೆ. ನಾನೋ ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟು ಊರೂರು ಸುತ್ತಿದವನು, ಯಾವ ಕೆಲಸದಲ್ಲೂ ಆರು ತಿಂಗಳು ನಿಂತವನಲ್ಲ. ಮನೆಯಲ್ಲಿ ಗಟ್ಟಿಯಾಗಿದ್ದದ್ದು ಅವಳ ಕೆಲಸ ಒಂದೇ. ಅದನ್ನು ಉಳಿಸೋಕೆ ಮಗು ಮಲಗಿಸುವ ಡ್ಯೂಟಿ ನನಗೆ ಬಿತ್ತು.

ಒಂದು

ಮಕ್ಕಳಿಗೆ ಕಥೆ ಹೇಳಬೇಕಂತೆ. ನನಗೆ ಯಾವ ಕಥೆ ಗೊತ್ತು? ನಾಲ್ಕು ತಿಂಗಳು ಲಾರಿ ಕ್ಲೀನರ್ ಆಗಿದ್ದೆ, ಅದನ್ನೇ ಹೇಳಿದೆ. ಹಿಂದೆ ಕಂದಕ, ಡ್ರೈವರ್ ರಿವರ್ಸ್ ತಗೋತಿದಾನೆ. ಮೆತ್ತಗೆ ಬೆನ್ನು ತಟ್ಟುತ್ತ, “ಬರ್ಲಿ... ಬರ್ಲಿ... ಇನ್ನೂ ಬರ್ಲಿ...” ಅಂದೆ. ಆಹಾ, ಮಗಳ ರೆಪ್ಪೆ ಭಾರವಾಯಿತು. “ಬರ್ಲಿ... ಬರ್ಲಿ...” ಕಣ್ಣು ಮುಚ್ಚೇಬಿಟ್ಟಿತು. ಅಷ್ಟರಲ್ಲಿ ನನ್ನ ಲಾರಿ ಕಂದಕದ ಅಂಚಿಗೆ ಬಂದುಬಿಟ್ಟಿತ್ತು ನೋಡಿ, ಹಳೇ ಅಭ್ಯಾಸ, “ಹೋಲ್ಡಾನ್!” ಅಂತ ಕೂಗಿ ಪಕ್ಕದ ತಗಡಿನ ಪೆಟ್ಟಿಗೆಗೆ ದಬದಬ ಬಡಿದೆ.

ಮಗಳು ಎದ್ದು ಕುಣಿಯತೊಡಗಿದಳು. ಗೋಡೆ ಆಚೆಯಿಂದ ಪಕ್ಕದ ಮನೆ ಯಜಮಾನರು ಕೇಳಿದರು: “ಲಾರಿ ನಿಲ್ತೇನಪ್ಪ? ಇನ್ನಾದ್ರೂ ನಾವು ಮಲಗೋಣ್ವ?”

ಎರಡು

ಆಮೇಲೆ ನಾನು ಬಾಡಿಗೆಗೆ ಆಟೋ ಓಡಿಸತೊಡಗಿದೆ. ಆಟೋ ಹತ್ತಿಸಿದರೆ ಮಗಳು ಎರಡು ರಸ್ತೆ ದಾಟೋದರೊಳಗೆ ಮಲಗೋಳು, ಎಂಜಿನ್ ನಿಂತರೆ ಮಾತ್ರ ಕಣ್ಣು ಬಿಡೋಳು. ಒಂದು ಸಂಜೆ ಅವಳು ಅಮ್ಮನ ಮಡಿಲಲ್ಲಿ ನಿದ್ದೆ ಹೋಗಿದ್ದಾಗ ಒಬ್ಬರು ಕೈ ಅಡ್ಡ ಹಾಕಿ, “ರೈಲ್ವೆ ಸ್ಟೇಷನ್ನಿಗೆ ಬರ್ತೀಯಾ?” ಅಂದರು.

“ಮಗು ಮಲಗಿಸ್ತಿದೀನಿ ಸಾರ್.”

“ಹೋಗ್ತಾ ಮಲಗಿಸಯ್ಯ, ನನಗೆ ರೈಲು ಹೋಗುತ್ತೆ!” ಅಂತ ಹತ್ತಿ, ಹೆಂಡತಿ ಪಕ್ಕ ಮುದುರಿಕೊಂಡು ಕೂತೇಬಿಟ್ಟರು. ಸ್ವಲ್ಪ ದೂರ ಹೋದ ಮೇಲೆ ನೋಡಿಕೊಂಡು, “ಮೀಟರ್ ಹಾಕಲಿಲ್ವಲ್ಲ?” ಅಂದರು.

“ಹಾಕಿದ್ರೆ ಟಿಂಗ್ ಅನ್ನುತ್ತೆ ಸಾರ್, ಮಗು ಎದ್ದುಬಿಡುತ್ತೆ.”

ಅವರು ನಿಟ್ಟುಸಿರು ಬಿಟ್ಟರು. “ಇಪ್ಪತ್ತು ವರ್ಷದಿಂದ ಮೈಸೂರಲ್ಲಿ ಆಟೋದವರ ನೆಪ ಕೇಳ್ತಿದೀನಿ ಕಣಯ್ಯ. ಇದು ಹೊಸದು.”

ಮೂರು

ಅತ್ತೆ ಬಂದರು. “ಮಗೂಗೆ ದೃಷ್ಟಿ ಆಗಿದೆ” ಅಂದವರೇ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಬರದಿದ್ದರೆ ದೃಷ್ಟಿ ಆಗಿದೆ ಅಂತ ಲೆಕ್ಕ. ಇಡೀ ವಠಾರ ಕೆಮ್ಮುತ್ತ ಬೀದಿಗೆ ಬಂತು.

“ಹಾಗಾದ್ರೆ ದೃಷ್ಟಿ ಅಲ್ಲ” ಅಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

“ಮತ್ತೇನತ್ತೆ?”

“ನಿಮ್ಮ ರಕ್ತ ಅಳಿಯಂದ್ರೆ! ನೀವು ಒಂದ್ಕಡೆ ಕೂತಿದ್ದನ್ನ ಯಾರಾದ್ರೂ ನೋಡಿದಾರಾ?”

ನಾಲ್ಕು

ಆಗಬಾರದ್ದು ಆಯಿತು. ನಾಲ್ಕನೇ ಸಲ ತಡವಾಗಿ ಹೆಂಡತಿ ಗೇಟಿನಿಂದ ವಾಪಸ್ ಬಂದಳು. ಅವತ್ತು ರಾತ್ರಿ ಊಟದ ಹೊತ್ತಿಗೆ ಅವಳ ಸೂಪರ್‌ವೈಸರ್ ಮೇಡಮ್ಮನೇ ಮನೆಗೆ ಬಂದರು. ಐವತ್ತು ದಾಟಿದ ಒಂಟಿ ಹೆಂಗಸು, ಹಿಂದಿನ ರಸ್ತೆಯಲ್ಲೇ ಮನೆ. “ಕಾರಣ ಮಗೂನೋ ಸೋಮಾರಿತನಾನೋ ವಿಚಾರಿಸ್ಕೊಂಡು ಬಾ ಅಂದಿದಾರೆ ಮ್ಯಾನೇಜರು” ಅಂದರು.

ಮಗಳು ಮಂಚದಿಂದ ಹಾರುತ್ತಿದ್ದಳು. ಮೇಡಮ್ಮ ನಕ್ಕರು. “ಇದೊಂದು ದೊಡ್ಡ ವಿಷಯನಾ? ತಂಗಿ ಮಕ್ಕಳು ಮೂವರನ್ನ ಮಲಗಿಸಿದೀನಿ. ಕೊಡಿ ಇಲ್ಲಿ.” ಗೋಡೆಗೊರಗಿ ಕಾಲು ನೀಡಿ, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ತೂಗುತ್ತ “ಜೋ ಜೋ” ಅಂದರು. ನಾವು ಉಸಿರು ಬಿಗಿಹಿಡಿದು ಕೂತೆವು. ಹತ್ತು ನಿಮಿಷಕ್ಕೆ ಜೋ ಜೋ ನಿಂತು ಗೊರಕೆ ಶುರುವಾಯಿತು. ಮಗಳು ಎದ್ದು ಕೂತು, ನಮ್ಮ ಕಡೆ ತಿರುಗಿ, “ಅಜ್ಜಿ ತಾಚಿ” ಅಂದಳು.

“ಎಬ್ಬಿಸೋಣ್ವಾ?” ಅಂದಳು ಹೆಂಡತಿ.

“ಎಬ್ಬಿಸಿದ್ರೆ ನಿನ್ನ ಕೆಲಸ ಹೋಗುತ್ತೆ. ಮಲಗಿರೋ ತನಕ ಇರುತ್ತೆ. ಹೊದಿಕೆ ಹೊದಿಸು” ಅಂದೆ.

ಮೇಡಮ್ಮ ಕಣ್ಣು ಬಿಟ್ಟಾಗ ಬೆಳಿಗ್ಗೆ ಏಳೂ ಹತ್ತು. ಹೆಂಡತಿ ಐದಕ್ಕೇ ಎದ್ದು, ಡಬ್ಬಿ ಕಟ್ಟಿಕೊಂಡು, ಅವರೆದುರು ಕೈಕಟ್ಟಿ ಕೂತಿದ್ದಳು. “ಅಯ್ಯೋ, ಎಬ್ಬಿಸೋದಲ್ವೇನಮ್ಮ!” ಅಂತ ಅವರು ಸೆರಗು ಸಿಕ್ಕಿಸಿಕೊಂಡು ಹೊರಟರು. ಇಬ್ಬರನ್ನೂ ನಾನೇ ಆಟೋದಲ್ಲಿ ಕಾರ್ಖಾನೆಗೆ ಬಿಟ್ಟೆ. ಗೇಟಿನ ಹತ್ತಿರ ಮ್ಯಾನೇಜರೇ ನಿಂತಿದ್ದರು.

“ಏನ್ ಮೇಡಂ, ನೀವೂ ತಡಾನಾ?”

“ವಿಚಾರಣೆಗೆ ಹೋಗಿದ್ದೆ ಸಾರ್.”

“ಏನ್ ಗೊತ್ತಾಯ್ತು? ತಪ್ಪು ಇವಳದೇ ತಾನೆ?”

ಮೇಡಮ್ಮ ಆಕಳಿಕೆ ತಡೆದುಕೊಂಡು ಅಂದರು: “ಇವಳದೇನೂ ತಪ್ಪಿಲ್ಲ ಸಾರ್. ಖುದ್ದು ನೋಡ್ದೆ. ಆ ಮನೇಲಿ ಬೆಳಗಾಗೋದೇ ಏಳರ ಮೇಲೆ.”