ಹಯಗ್ರೀವ ರಾಯರ ಹಿಮ್ಮಡಿ

ಎಲ್ಲಕ್ಕೂ ಕಾರಣ ಹಯಗ್ರೀವ ರಾಯರ ಎಡಗಾಲಿನ ಹಿಮ್ಮಡಿ. ಬತ್ತಿದ ಕೆರೆಯ ತಳದಂತೆ ಬಿರುಕುಬಿಟ್ಟಿದ್ದ ಅದು ಆ ಬೆಳಿಗ್ಗೆ ಶೂ ಒಳಗೆ ಹೋಗಲು ಒಪ್ಪಲೇ ಇಲ್ಲ. ನೌಪಾಡಾದ ಆಫೀಸಿಗೆ ಹೋಗುವುದನ್ನು ಬಿಟ್ಟು, ಪೇಟೆಂಟ್ ಕಚೇರಿಯ ವಿಚಾರಣೆಗೆ ನೆರೂಳದ ಮನೆಯಿಂದಲೇ ವಿಡಿಯೋದಲ್ಲಿ ಕೂರುವುದೆಂದು ರಾಯರು ತೀರ್ಮಾನಿಸಿದರು.

ಮೂವತ್ತು ವರ್ಷ ಪರದೇಶದ ರಾಸಾಯನಿಕ, ಔಷಧ ಕಂಪೆನಿಗಳಿಗೆ ಪೇಟೆಂಟ್ ವಕೀಲರಾಗಿದ್ದವರಿಗೆ ಈಗ ಉಳಿದಿದ್ದುದು ಒಂದೇ ಒಂದು ಸ್ವಿಸ್ ಕಂಪೆನಿ. ಅದು ಒಡೆದ ಚರ್ಮಕ್ಕೊಂದು ಕ್ರೀಮು ಕಂಡುಹಿಡಿದು ನೂರ ಹನ್ನೆರಡು ಪುಟಗಳಲ್ಲಿ ವರ್ಣಿಸಿತ್ತು. ಹೊಸತೆಂದು ಒಪ್ಪಿದರೆ ಪೇಟೆಂಟ್. ಅದೇ ಪಾಕ ಮೊದಲೇ ಎಲ್ಲಾದರೂ ಅಚ್ಚಾಗಿದ್ದರೆ ಇಲ್ಲ. ಸೋತರೆ ಕಂಪೆನಿ ಕೈಬಿಡುತ್ತಿತ್ತು, ರಾಯರು ಆಫೀಸಿನ ಬಾಗಿಲು ಹಾಕಬೇಕಿತ್ತು. ಕಕ್ಷಿದಾರರ ಗುಟ್ಟನ್ನು ಅವರು ಹೆಂಡತಿಗೂ ಹೇಳಿದವರಲ್ಲ. ವನಮಾಲಾ ಎಂದಾದರೂ ಕೇಳಿದರೆ, "ಎಂತದೋ ಕೆಮಿಕಲ್" ಎಂದಷ್ಟೇ ಉತ್ತರ.

ಹನ್ನೊಂದಕ್ಕೆ ವಿಚಾರಣೆ. ಹತ್ತೂ ಮುಕ್ಕಾಲಿಗೆ ಕಟ್ಟಡದ ಕರೆಂಟು ಹೋಯಿತು. ಲ್ಯಾಪ್‌ಟಾಪ್ ತಬ್ಬಿಕೊಂಡು ಮೆಟ್ಟಿಲಿಳಿದವರನ್ನು ಕನ್ನಡ ಸಂಘದ ಕಾರ್ಯದರ್ಶಿ ದಮಯಂತಿ ತಡೆದರು.

"ಎಂತದು ರಾಯರೇ, ಕಾಲು ಎಳೀತಾ ಇದ್ದೀರಿ?"

"ಹಿಮ್ಮಡಿ ಒಡೆದಿದೆ ಅಕ್ಕ. ಅದಿರಲಿ, ಸಂಘದ ರೂಮಲ್ಲಿ ಇನ್ವರ್ಟರ್ ಉಂಟಲ್ವಾ?"

"ಉಂಟು ಮಾರಾಯ್ರೆ, ಕೂತ್ಕೊಳ್ಳಿ. ಚಾ ತರ್ತೇನೆ."

ನೆಲಮಾಳಿಗೆಯ ಪಕ್ಕದ ಆ ರೂಮಿನಲ್ಲಿ ಒಂದು ಹಾರ್ಮೋನಿಯಂ, ಒಂದು ಕಪಾಟು ತುಂಬ ಹಳೆಯ ಸ್ಮರಣ ಸಂಚಿಕೆಗಳು. ದಮಯಂತಿ ಪ್ರತಿವರ್ಷ ಮನೆಮನೆಗೆ ಹೋಗಿ, ಲೇಖನ ಕೈಗೆ ಬರುವ ತನಕ ಸೋಫಾ ಬಿಟ್ಟೇಳದೆ ಗಳಿಸಿದ ಆಸ್ತಿ ಅದು.

ಪರದೆಯ ಮೇಲೆ ಅಧಿಕಾರಿ, ಬಾಸೆಲ್‌ನಿಂದ ಸ್ವಿಸ್ ಕಂಪೆನಿಯ ಹೆಂಗಸು, ಎದುರು ಪಕ್ಷಕ್ಕೆ ರಂಜನ್. ಭಿವಂಡಿಯ ಸಣ್ಣ ಮುಲಾಮು ಕಾರ್ಖಾನೆಯೊಂದರ ವಕೀಲ, ಮಂಗಳೂರಿನವನು, ರಾಯರಲ್ಲೇ ಕೆಲಸ ಕಲಿತವನು. ಈ ಕ್ರೀಮಿನಲ್ಲಿ ಹೊಸತೇನೂ ಇಲ್ಲ, ಪುನರ್ಪುಳಿ ಅಂದರೆ ಕೋಕಂ ಬೀಜದ ತುಪ್ಪಕ್ಕೆ ಸುಣ್ಣದ ತಿಳಿ ಸೇರಿಸುವುದು ಕರಾವಳಿಯ ಮನೆಮದ್ದು ಎಂದು ಅವನು ಇಂಗ್ಲಿಷಿನಲ್ಲಿ ವಾದಿಸಿದ.

ರಾಯರು ಸಿಂಹದಂತೆ ಎದ್ದರು. "ಅಜ್ಜಿಯಂದಿರ ಬಾಯಿಮಾತು ಪುರಾವೆಯಲ್ಲ. ಯಾವ ಭಾಷೆಯಲ್ಲಾದರೂ ಸರಿ, ಅಚ್ಚಾದ ಒಂದೇ ಒಂದು ಸಾಲು ತೋರಿಸಲಿ!"

ಬಾಸೆಲ್‌ನ ಹೆಂಗಸು ತಲೆದೂಗಿದಳು. ರಂಜನ್ ತಲೆ ತಗ್ಗಿಸಿದ.

ಆಗ ದಮಯಂತಿ ಒಳಬಂದರು, ಒಂದು ಕೈಯಲ್ಲಿ ಚಾ, ಇನ್ನೊಂದರಲ್ಲಿ ಡಬ್ಬಿ. "ಕಾಲು ಈಚೆ ಕೊಡಿ. ಪುನರ್ಪುಳಿ ತುಪ್ಪಕ್ಕೆ ಸುಣ್ಣದ ತಿಳಿ ಹಾಕಿ ತಿಕ್ಕಿದ್ದು. ನಾಳೆಗೇ ಹಗುರ ಆಗ್ತದೆ."

"ಅಕ್ಕ, ಆಮೇಲೆ..."

"ನಂಬಿಕೆ ಇಲ್ವಾ? ಹೇಳಿಕೊಟ್ಟವರು ನೀವೇ!" ಕಪಾಟಿನಿಂದ ಒಂದು ಸಂಚಿಕೆ ಎಳೆದು, ರಾಯರ ಮುಖದ ಮುಂದೆಯೇ ಬಿಡಿಸಿ ಹಿಡಿದರು. ಎರಡು ಸಾವಿರದ ಒಂಬತ್ತನೇ ಇಸವಿ. ಮೀಸೆ ಹೊತ್ತ ರಾಯರ ಫೋಟೋ. ಕೆಳಗೆ, 'ಒಡೆದ ಹಿಮ್ಮಡಿಗೆ ಮದ್ದು: ಹಯಗ್ರೀವ ರಾವ್'.

ರಂಜನ್‌ನ ಸ್ವರ ಮೆಲ್ಲನೆ ಕೇಳಿತು, ಕನ್ನಡದಲ್ಲಿ: "ಅಕ್ಕ, ಆ ಪುಟ ಸ್ವಲ್ಪ ಈ ಕಡೆ ತಿರುಗಿಸ್ತೀರಾ?"

ತಿರುಗಿಸಿದರು. ಯಾರಾದರೂ ಕೇಳಿದರೆ ಇಲ್ಲವೆನ್ನುವ ಅಭ್ಯಾಸ ದಮಯಂತಿಗಿರಲಿಲ್ಲ.

ಸಂಜೆ ಬಾಸೆಲ್‌ನಿಂದ ಎರಡು ಸಾಲಿನ ಪತ್ರ ಬಂತು. ಒಂದು ಸಾಲು ದೀರ್ಘ ಸೇವೆಗೆ ವಂದನೆ.

"ನಾನು ಅದನ್ನು ಬರೆದೇ ಇಲ್ಲ!" ಎಂದು ರಾಯರು ಮಂಚದ ಮೇಲೆ ಕುಸಿದರು.

"ಬರೆದದ್ದು ನಾನು," ಎಂದರು ವನಮಾಲಾ, ದಮಯಂತಿ ಕೊಟ್ಟ ಡಬ್ಬಿಯ ಮುಚ್ಚಳ ತೆಗೆಯುತ್ತಾ. "ದಮಯಂತಿ ಸೋಫಾದಿಂದ ಏಳ್ಲಿಲ್ಲ, ನಿಮಗೆ ಪುರುಸೊತ್ತಿಲ್ಲ. ಪಾಪ ಅಂತ ನಮ್ಮಮ್ಮನ ಮದ್ದು ಬರೆದು ನಿಮ್ಮ ಹೆಸರು ಹಾಕಿದೆ. ಇದೇ ಕೇಸು ಅಂತ ಒಂದು ಮಾತು ಹೇಳಿದ್ರೆ ಅವತ್ತೇ ಹೇಳ್ತಿದ್ದೆ ಅಲ್ವಾ?"

ರಾಯರು ಕಾಲು ಚಾಚಿದರು.

ಮೂರನೆಯ ದಿನಕ್ಕೆ ಹಿಮ್ಮಡಿಯ ಬಿರುಕು ಕೂಡಿಕೊಂಡಿತು. ಶೂ ಸಲೀಸಾಗಿ ಏರಿತು. ಹಾಕಿಕೊಂಡು ಹೋಗಲು ಆಫೀಸಿರಲಿಲ್ಲ.