ರೂಟರಿಗೆ ನಾನು ತಂದ ಸಮಾನತೆ

ಮೂವತ್ತೈದು ವರ್ಷ ಕಾರ್ಮಿಕ ಹೋರಾಟದಲ್ಲಿ ಮೈ ಸವೆಸಿದವನು ನಾನು. ಗಿರಣಿಯ ಗೇಟು, ಕಚೇರಿಯ ಗೇಟು, ಜೈಲಿನ ಗೇಟು ಎಲ್ಲವನ್ನೂ ತೆಗೆಸಿದ್ದೇನೆ. ಕೆಲವನ್ನು ಹೊರಗಿನಿಂದ, ಕೆಲವನ್ನು ಒಳಗಿನಿಂದ! ಇಂಥವನ ಮನೆಯಲ್ಲೇ, ಟೀವಿಯ ಪಕ್ಕ ಕೂತ ಅಂಗೈ ಅಗಲದ ರೂಟರೊಂದು ಯಾರನ್ನೂ ಒಳಗೆ ಬಿಡುವುದಿಲ್ಲವೆಂದು ಪಟ್ಟು ಹಿಡಿದರೆ ಸುಮ್ಮನಿರುವುದುಂಟೇ? ಶನಿವಾರ ಮಧ್ಯಾಹ್ನ ಊಟ ಮುಗಿಸಿ, ಕನ್ನಡಕ ಒರೆಸಿ, ತೋಳು ಮಡಚಿ ಘೋಷಿಸಿದೆ:

"ನಾಲ್ಕು ಗಂಟೆಯೊಳಗೆ ಈ ಪೆಟ್ಟಿಗೆ ಸೊಕ್ಕು ಮುರೀದಿದ್ರೆ ನನ್ನ ಹೆಸರು ಬದಲಾಯಿಸು!"

"ಹೆಸರು ಬದಲಾಯಿಸಿ ಏನ್ ಬಂತು? ಆಳು ಅದೇ ತಾನೆ," ಎಂದಳು ನನ್ನ ಹೆಂಡತಿ.

ಇವಳು ಮೂವತ್ತು ಹಾಸಿಗೆಯ ವಾರ್ಡನ್ನು ಬರೀ ಹುಬ್ಬಿನಲ್ಲೇ ಆಳಿ ನಿವೃತ್ತಳಾದ ನರ್ಸು. ಅವಳ ತಂಗಿಗೆ ಮೂರು ತಿಂಗಳ ಹಿಂದೆ ಪಾರ್ಶ್ವವಾಯು ಬಡಿಯಿತು. ಬಲಗೈ ಸೋತಿತು, ನಾಲಗೆ ಭಾರವಾಯಿತು. ಬೆರಳಿಗೆ ಕೆಲಸ ಕೊಡಿ ಎಂದರು ಡಾಕ್ಟರು. ತಂಗಿಯ ಮಗಳು ಜಾಣೆ. ಅಮ್ಮನಿಗೊಂದು, ದೊಡ್ಡಮ್ಮನಿಗೊಂದು ಗೇಮ್ ಕನ್ಸೋಲ್ ತಂದು ಎರಡೂ ಮನೆಯ ಟೀವಿಗೆ ಸಿಕ್ಕಿಸಿಬಿಟ್ಟಳು. ದಿನಾ ನಾಲ್ಕರಿಂದ ಐದರವರೆಗೆ ಆಟ, ಅದೂ ಸರಳ. ಇಬ್ಬರೂ ಒಂದೇ ದೋಣಿಯಲ್ಲಿ ಕೂತು ಹುಟ್ಟು ಹಾಕಬೇಕು. ಎಡ ಹುಟ್ಟು ಅಕ್ಕನದು, ಬಲ ಹುಟ್ಟು ತಂಗಿಯದು. ಒಬ್ಬರು ಕೈಬಿಟ್ಟರೆ ದೋಣಿ ಗಾಣದ ಎತ್ತಿನಂತೆ ಅಲ್ಲಲ್ಲೇ ಸುತ್ತುತ್ತದೆ.

ಫೋನಿನಲ್ಲಿ ಆಕೆ ಬಾಯಿ ಬಿಡುವುದಿಲ್ಲ. ಮಾತು ತೊದಲುತ್ತದಲ್ಲ, ನಾಚಿಕೆ. ಆದರೆ ದೋಣಿ ಬಂಡೆಗೆ ಬಡಿಯುವ ಹೊತ್ತಿಗೆ ನಾಚಿಕೆ ಯಾರಿಗೆ ನೆನಪಿರುತ್ತದೆ? ಟೀವಿಯೊಳಗಿಂದ "ಎಡ! ಬಲ!" ಎಂದು ಕಿರುಚುತ್ತಾಳೆ. ಮೂರು ತಿಂಗಳಲ್ಲಿ ಅಕ್ಕನ ಕಿವಿಗೆ ಬಿದ್ದ ತಂಗಿಯ ಮಾತು ಆ ಎರಡೇ.

ಗುರುವಾರ ಇಂಟರ್ನೆಟ್ ಕಂಪನಿಯವರು ಹಳೆಯ ರೂಟರ್ ತೆಗೆದು ಹೊಸದಿಟ್ಟು ಹೋದರು. ಅಲ್ಲಿಂದ ದೋಣಿಗೆ ಸಂಚಕಾರ. "ನ್ಯಾಟ್ ಟೈಪ್: ಸ್ಟ್ರಿಕ್ಟ್" ಎನ್ನುತ್ತದೆ ಪರದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅಕ್ಕ ಈ ದಡದಲ್ಲಿ, ತಂಗಿ ಆ ದಡದಲ್ಲಿ, ನಡುವೆ ರೂಟರ್ ಎಂಬ ಪೊಲೀಸು! ಎರಡು ದಿನದಿಂದ ಆಕೆ ನಾಲ್ಕಕ್ಕೆ ಸರಿಯಾಗಿ ಬಂದು ಟೀವಿ ಮುಂದೆ ಕೂರುತ್ತಾಳಂತೆ, ಐದಕ್ಕೆ ಎದ್ದು ಗೋಡೆಗೆ ಮುಖ ಮಾಡಿ ಮಲಗುತ್ತಾಳಂತೆ. ಮಗಳು ಫೋನಿನಲ್ಲಿ ಹೇಳಿದಳು.

"ಕಂಪನಿ ಆಫೀಸು ಹಿಂದಿನ ಬೀದೀಲೇ ಇದೆ. ಹೋಗಿ ಹೇಳಿ ಬನ್ನಿ ಅಂದ್ರೆ ಕೇಳಲ್ವಲ್ಲ ನೀವು," ಎಂದಳು ಹೆಂಡತಿ.

"ಮನವಿ ಪತ್ರ ಕೊಡೋ ಕಾಲ ಮುಗೀತು ಕಣೇ. ಇನ್ನೇನಿದ್ರೂ ನೇರ ಕ್ರಮ!"

"ಫ್ಯಾನ್ ರೆಗ್ಯುಲೇಟರಿಗೂ ಹೀಗೇ ಅಂದಿದ್ರಿ."

"ಅದರ ವಿಷಯ ಬೇರೆ."

"ಹೌದು, ಅದರಲ್ಲಿ ಹೊಗೆ ಬಂತು."

ಇಂಥ ಪ್ರತಿಗಾಮಿ ಶಕ್ತಿಗಳಿಗೆ ಕಿವಿಗೊಟ್ಟರೆ ಯಾವ ಕ್ರಾಂತಿಯೂ ಆಗುವುದಿಲ್ಲ. ರೂಟರಿನ ಬೆನ್ನ ಮೇಲಿದ್ದ ಅಂಕಿಗಳನ್ನು ಲ್ಯಾಪ್‌ಟಾಪಿನಲ್ಲಿ ಕುಟ್ಟಿ, ಪಾಸ್‌ವರ್ಡ್ ಹಾಕಿ, ಸೀದಾ ಒಳಗೆ ನುಗ್ಗಿದೆ. ನೋಡಿದರೆ, ಅಬ್ಬಬ್ಬಾ, ಶುದ್ಧ ಪಾಳೇಗಾರಿಕೆ! ಒಂದು ಪಟ್ಟಿಯಲ್ಲಿ ಟೀವಿಗೆ ಮೊದಲ ಆದ್ಯತೆ, ನನ್ನ ಫೋನಿಗೆ ಎರಡನೆಯದು, ಪಾಪದ ಗೇಮ್ ಕನ್ಸೋಲಿಗೆ ಕಟ್ಟಕಡೆಯ ಸ್ಥಾನ. ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ಇನ್ನೊಂದು ಕಡೆ ಫೈರ್‌ವಾಲ್ ಎಂಬ ಬ್ಯಾರಿಕೇಡು. ಬ್ಯಾರಿಕೇಡು ಕಂಡರೆ ನನ್ನ ಕೈ ಕೇಳುವುದಿಲ್ಲ. ಎತ್ತರದಲ್ಲಿದ್ದದ್ದನ್ನು ಮೊಣಕಾಲಿಗೆ ಇಳಿಸಿದೆ. ಕನ್ಸೋಲ್ ಇನ್ನೂ ಸ್ಟ್ರಿಕ್ಟ್ ಎಂದೇ ಹೇಳುತ್ತಿತ್ತು.

ಆಗ ಸಿಕ್ಕಿಬಿದ್ದ ನೋಡಿ ಅಸಲಿ ಖದೀಮ! ಹೆಸರು ಡಿಎಚ್‌ಸಿಪಿ ಸರ್ವರ್. ಕೆಳಗೆ ವಿವರಣೆ: ಮನೆಯ ಎಲ್ಲ ಯಂತ್ರಗಳಿಗೂ ವಿಳಾಸ ಹಂಚುವುದು ಇವನ ಕೆಲಸ. ನನ್ನ ರಕ್ತ ಕುದಿಯಿತು. ಯಾರು ಎಲ್ಲಿರಬೇಕೆಂದು ಒಬ್ಬನೇ ಕೂತು ತೀರ್ಮಾನಿಸುವುದೇ? ಒಬ್ಬನ ಕೈಯಲ್ಲಿ ಅಧಿಕಾರ ಇರಕೂಡದೆಂದು ಎಷ್ಟು ಬೀದಿ ಅಲೆದಿದ್ದೇನೆ, ಎಷ್ಟು ಲಾಠಿ ತಿಂದಿದ್ದೇನೆ! ಅವನ ಎದುರಿಗಿದ್ದ ಗುಂಡಿ ಒತ್ತಿ ಆಫ್ ಮಾಡಿದೆ. ಸೇವ್ ಒತ್ತಿದೆ. ರೂಟರ್ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು.

ಟೀವಿ ಸತ್ತಿತು. ಫೋನಿನ ವೈಫೈ ಸತ್ತಿತು. ಕನ್ಸೋಲ್ ಈಗ ಸ್ಟ್ರಿಕ್ಟ್ ಅನ್ನುವಷ್ಟೂ ಸೌಜನ್ಯ ತೋರಿಸದೆ "ಸಂಪರ್ಕವೇ ಇಲ್ಲ" ಎಂದಿತು. ಮತ್ತೆ ಒಳಹೊಕ್ಕು ಸರಿಮಾಡೋಣವೆಂದರೆ ನನ್ನ ಲ್ಯಾಪ್‌ಟಾಪಿಗೂ ರೂಟರಿಗೂ ಪರಿಚಯವೇ ಇಲ್ಲ! ವೈರು ಕಿತ್ತು ಸಿಕ್ಕಿಸಿದೆ. ರೂಟರಿನ ನೆತ್ತಿಯ ಮೇಲೊಂದು ಬಿಟ್ಟೆ. ಊಹೂಂ.

"ಏನ್ ಮಾಡಿದ್ರಿ?" ಅಡುಗೆಮನೆಯಿಂದ ಬಂದಳು.

"ಅಧಿಕಾರ ವಿಕೇಂದ್ರೀಕರಣ."

"ಕನ್ನಡದಲ್ಲಿ ಹೇಳಿ."

"ಕೆಟ್ಟೋಯ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗಡಿಯಾರ ನೋಡಿದಳು. ಮೂರು ಗಂಟೆ. "ಇವತ್ತೂ ಅವಳು ಬಂದು ಕೂತ್ಕೋತಾಳೆ ರೀ," ಎಂದಳು, ಅಷ್ಟೇ. ನಾನು ಚಪ್ಪಲಿ ಮೆಟ್ಟಿಕೊಂಡು ಓಡಿದೆ.

ಕಂಪನಿಯ ಆಫೀಸಿನ ಬಾಗಿಲಲ್ಲಿ ನನ್ನ ಮೈ ತನ್ನಷ್ಟಕ್ಕೆ ಹಳೆಯ ಕೆಲಸ ಮಾಡಿತು: ಹೊಸ್ತಿಲಿಗೆ ಅಡ್ಡಲಾಗಿ ಧರಣಿ ಕೂತುಬಿಟ್ಟೆ! "ನನ್ನ ಬೇಡಿಕೆ ಈಡೇರೋವರೆಗೂ ಏಳಲ್ಲ!"

ಒಳಗೆ ಇದ್ದದ್ದು ಒಬ್ಬಳೇ ಹೆಂಗಸು, ನಲವತ್ತರ ಆಸುಪಾಸು. ಟೂಲ್ ಬ್ಯಾಗ್ ಪಕ್ಕಕ್ಕಿಟ್ಟು ಆಗತಾನೆ ಊಟದ ಡಬ್ಬಿ ಬಿಚ್ಚಿದ್ದಳು.

"ಸಾರ್, ಕುರ್ಚಿ ಖಾಲಿ ಇದೆ. ನೆಲ ತಣ್ಣಗಿರುತ್ತೆ, ಸೊಂಟ ಹಿಡ್ಕೊಳ್ಳುತ್ತೆ. ಏನಾಯ್ತು ಹೇಳಿ."

ಹೇಳಿದೆ. ರೂಟರಿನ ಕಥೆ ಕೇಳುವಾಗ ತುತ್ತು ಬಾಯಿಗೆ ಹೋಗುತ್ತಲೇ ಇತ್ತು. ನಾದಿನಿಯ ಕಥೆಗೆ ಬಂದಾಗ ಡಬ್ಬಿ ಮುಚ್ಚಿದಳು. "ಗಾಡಿ ಹತ್ತಿ ಸಾರ್."

ನಾನು ಕೂತ ಧರಣಿಗಳಲ್ಲಿ ಒಂದು ನಲವತ್ತು ದಿನ ನಡೆದಿತ್ತು, ಒಂದು ತೊಂಬತ್ತು ದಿನ. ಐದೇ ನಿಮಿಷದಲ್ಲಿ, ಅದೂ ಅರ್ಧ ಊಟ ಬಿಟ್ಟೆದ್ದು ಬೇಡಿಕೆ ಈಡೇರಿಸಿದ ಆಡಳಿತ ಇದೊಂದೇ! ಘೋಷಣೆ ಕೂಗಲೂ ಸಮಯ ಕೊಡಲಿಲ್ಲ ಪುಣ್ಯಾತಗಿತ್ತಿ.

ಮನೆಗೆ ಬಂದವಳೇ ತನ್ನ ಲ್ಯಾಪ್‌ಟಾಪಿಗೆ ತಾನೇ ಒಂದು ವಿಳಾಸ ಬರೆದುಕೊಟ್ಟು, ರೂಟರಿನ ಒಳಗಿಳಿದಳು. ಹುಬ್ಬು ಮೇಲೇರಿತು.

"ಡಿಎಚ್‌ಸಿಪಿ ಯಾರು ಆಫ್ ಮಾಡಿದ್ದು?"

"ನಾನೇ. ಒಬ್ಬನ ಕೈಲಿ ಅಷ್ಟು ಅಧಿಕಾರ ಯಾಕೆ?"

"ಅಧಿಕಾರ ಎಲ್ಲಿ ಬಂತು ಸಾರ್? ಇವನು ಕೂಲಿಯವನು. ಯಾವ ಯಂತ್ರ ಬಂದು ಬಾಗಿಲು ತಟ್ಟಿದ್ರೂ ಎದ್ದು ಒಂದು ನಂಬರ್ ಕೊಡ್ತಾನೆ. ಹಗಲೂ ರಾತ್ರಿ ಅದೇ ಕೆಲಸ. ಒಂದು ದಿನ ರಜ ಇಲ್ಲ."

ತಲೆ ಚಚ್ಚಿಕೊಂಡು ಗಟ್ಟಿಯಾಗಿಯೇ ಹಲುಬಿದೆ: ಜೀವಮಾನವೆಲ್ಲ ಕಾರ್ಮಿಕರ ಪರ ಕೂಗಿದವನು ನಾನು! ನನ್ನ ಕೈಗೆ ಎಳ್ಳಷ್ಟು ಅಧಿಕಾರ ಸಿಕ್ಕ ಮೊದಲ ಗಳಿಗೆಯಲ್ಲೇ, ಮನೆಯಲ್ಲಿ ದುಡಿಯುತ್ತಿದ್ದ ಒಬ್ಬನೇ ಒಬ್ಬನನ್ನು ನೋಟೀಸೂ ಕೊಡದೆ ಕೆಲಸದಿಂದ ತೆಗೆದಿದ್ದೆ!

"ಒಬ್ಬನೇ ಒಬ್ಬನಾ?" ಎಂದು ಹೆಂಡತಿ ಸೆರಗು ಸಿಕ್ಕಿಸಿಕೊಂಡಳು. "ಮತ್ತೆ ನಾನು?"

ಕಂಪನಿಯ ಆ ತಾಯಿ ನಗು ನುಂಗಿಕೊಂಡು ಆ ಬಡಪಾಯಿಯನ್ನು ಮತ್ತೆ ಕೆಲಸಕ್ಕೆ ಸೇರಿಸಿದಳು, ಬ್ಯಾರಿಕೇಡನ್ನು ಮೊದಲಿನ ಎತ್ತರಕ್ಕೆ ಏರಿಸಿದಳು. ಇನ್ನೊಂದು ಪುಟದಲ್ಲಿ ಒಂದು ಸಣ್ಣ ಸ್ವಿಚ್ಚು ಒತ್ತಿದಳು. ಗೇಮ್ ಕನ್ಸೋಲ್ ಕೇಳಿದಾಗ ರೂಟರ್ ಬಾಗಿಲು ತೆಗೆಯಲಿ ಎನ್ನುವುದಕ್ಕೆ ಇರುವ ಸ್ವಿಚ್ಚಂತೆ. ಹೊಸ ಪೆಟ್ಟಿಗೆಯಲ್ಲಿ ಅದನ್ನು ಹಾಕುವುದು ಮರೆತುಹೋಗಿತ್ತು, ಅಷ್ಟೇ! ಕನ್ಸೋಲ್ ಆರಿಸಿ ಹಚ್ಚಿದಳು. ಸ್ಟ್ರಿಕ್ಟ್ ಹೋಗಿ ಓಪನ್ ಬಂತು. ನಾಲ್ಕು ಗಂಟೆಗೆ ಇನ್ನೂ ಎಂಟು ನಿಮಿಷ ಬಾಕಿ. ಉಳಿದರ್ಧ ಊಟವನ್ನು ನಮ್ಮಲ್ಲೇ ಮಾಡಿ ಎಂದರೂ ನಿಲ್ಲಲಿಲ್ಲ. ಗಾಡಿ ಹತ್ತಿ ಹೋದ ಆ ಬೆನ್ನಿಗೆ ಕೈ ಮುಗಿದೆ. ನಾನು ಮಂತ್ರಿಗಳಿಗೂ ಕೈ ಮುಗಿದವನಲ್ಲ.

ನಾಲ್ಕಕ್ಕೆ ದೋಣಿ ನೀರಿಗಿಳಿಯಿತು. "ಎಡ… ಬಲ…" ದನಿ ಕ್ಷೀಣವಾಗಿತ್ತು. ಎರಡು ದಿನದ ತುಕ್ಕು. ಹೆಂಡತಿ ಹುಟ್ಟು ಹಾಕುತ್ತಲೇ ನನ್ನ ಪರಾಕ್ರಮವನ್ನು ತಂಗಿಗೆ ಒಂದೂ ಬಿಡದೆ ಒಪ್ಪಿಸತೊಡಗಿದಳು: ಸಮಾನತೆ, ವಿಕೇಂದ್ರೀಕರಣ, ಹೊಸ್ತಿಲ ಮೇಲಿನ ಧರಣಿ. ಅತ್ತಲಿಂದ ಒಂದು ಸದ್ದು ಬಂತು. ಅಳು ಎಂದುಕೊಂಡೆ. ನಗು! ದೋಣಿ ಗರಗರ ತಿರುಗಿತು, ಬಂಡೆಗೆ ಹೊಡೆಯಿತು, ಮಗುಚಿತು. ಆ ಗದ್ದಲದ ನಡುವೆ ಸ್ಪಷ್ಟವಾಗಿ ಕೇಳಿತು:

"ಭಾವ… ದಡ್ಡ!"

ಹೆಂಡತಿ ಆಟದ ರಿಮೋಟು ಕೆಳಗಿಟ್ಟು ಕಣ್ಣೊರೆಸಿಕೊಂಡಳು. ನಾನೂ ಕನ್ನಡಕ ತೆಗೆದು ಒರೆಸಿದೆ. ಧೂಳು ಜಾಸ್ತಿ ಈಚೆಗೆ. ಜೀವಮಾನದಲ್ಲಿ ನನಗೆ ಬಂದ ಬಿರುದುಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

ಅಂದಿನಿಂದ ನನಗೊಂದು ನೌಕರಿಯಾಗಿದೆ. ಭಾವ ಈ ವಾರ ಏನು ಕೆಡಿಸಿದರು ಎಂಬುದೇ ಆಕೆಗೆ ಮಾತಿನ ವ್ಯಾಯಾಮ. ಆದ್ದರಿಂದ ಶನಿವಾರ ಬಂದರೆ ಹೆಂಡತಿಯೇ ಸ್ಕ್ರೂಡ್ರೈವರ್ ತಂದು ಕೈಗೆ ಕೊಡುತ್ತಾಳೆ. ಇಸ್ತ್ರಿಪೆಟ್ಟಿಗೆ ಆಯಿತು: ಆಕೆಯ ಬಾಯಿಂದ ಮೂರು ಪದ. ಕರೆಗಂಟೆ ಆಯಿತು: ನಾಲ್ಕು ಪದ. ಹೋದ ವಾರ ಸೋರುವ ನಲ್ಲಿ ಬಿಚ್ಚಿ ಜೋಡಿಸಿದೆ. ಏನು ಗ್ರಹಚಾರವೋ, ಸರಿಹೋಯಿತು!

ನಾಲ್ಕಕ್ಕೆ ತಂಗಿಗೆ ಸುದ್ದಿ ಮುಟ್ಟಿತು. ಹೆಂಡತಿ ನನ್ನನ್ನು ಕಣ್ಣಲ್ಲೇ ಸುಡುತ್ತಿದ್ದಳು. ಕೊನೆಗೆ ಟೀವಿಯೊಳಗಿಂದ, ಕಾಯಿಲೆ ಬಿದ್ದ ಮೇಲೆ ಮೊಟ್ಟಮೊದಲ ಬಾರಿಗೆ, ಒಂದೇ ಒಂದು ತೊದಲಿಲ್ಲದೆ ಇಡೀ ವಾಕ್ಯ ಬಂತು:

"ಭಾವಾ, ನೆಟ್ಟಗೆ ಕೆಡಿಸೋದಕ್ಕೂ ಬರಲ್ವಾ ನಿಮಗೆ?"